ಹೊಸ್ತಿಲಿಲ್ಲದ ಮನೆ

ಬಸವನ ಬಾಗೇವಾಡಿ: ಕಟ್ಟೆಯ ಮೇಲೆ

ಹೊರಡುವ ಹಿಂದಿನ ಸಂಜೆ ಮುಮ್ತಾಜ್ ಎಂದಿನಂತೆ ಬಂದಳು. ನಾವಿಬ್ಬರೂ ಒಂದೇ ಶಾಲೆಯಲ್ಲಿ ಕಲಿಸಿದವರು. ನಾನು ಇಂಗ್ಲಿಷ್, ಅವಳು ಗಣಿತ. ಲಕ್ವಾ ಹೊಡೆದ ಮೇಲೆ ಅವಳ ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಗಾಲಿ ಕುರ್ಚಿಯಲ್ಲಿ ಕೂತು, ಮಗಳ ಕೈಲಿ ತಳ್ಳಿಸಿಕೊಂಡು ಪಕ್ಕದ ಓಣಿಯಿಂದ ಬರುತ್ತಾಳೆ. ಕುರ್ಚಿ ಬೀದಿಯಲ್ಲೇ ನಿಲ್ಲುತ್ತದೆ. ನಾನು ಕಟ್ಟೆಯ ಮೇಲೆ ಕೂಡುತ್ತೇನೆ. ಚಹಾ ಹೊರಗೇ ಬರುತ್ತದೆ. ನಮ್ಮ ಮನೆಗೆ ಬೀದಿಯಿಂದ ಮೆಟ್ಟಿಲು, ಮೆಟ್ಟಿಲ ಮೇಲೆ ಕಟ್ಟೆ, ಕಟ್ಟೆ ದಾಟಿದರೆ ಗೇಣುದ್ದ ಎತ್ತರದ ಸಾಗವಾನಿ ಹೊಸ್ತಿಲು. ಇದೆಲ್ಲ ಹೀಗೇ ಇರಬೇಕಾದದ್ದು ಎಂದು ನಾನೂ ತಿಳಿದಿದ್ದೆ, ಅವಳೂ ತಿಳಿದಿದ್ದಳು.

“ಅಕ್ಕಾರ, ಅಷ್ಟ್ ದೂರ ಹೊಂಟೀರಿ, ಏನ್ ನೋಡಾಕ್ರಿ?” ಎಂದಳು ಮುಮ್ತಾಜ್.

“ಮನಿ ಕಟ್ಟೂದು.”

“ಹೌದೇನ್ರಿ? ನಮ್ಮ ಓಣ್ಯಾಗ ಮೂಲಿಗೊಬ್ರು ಕಟ್ಟಾಕತ್ತಾರ. ಧೂಳಿಗೆ ಕಿಡಕಿ ತಗಿಯಾಕ ಆಗವಲ್ದು. ಇದನ್ನ ನೋಡಾಕ ಇಮಾನ ಹತ್ತಬೇಕೇನ್ರಿ?”

ಅವಳು ಹೇಳಿದ್ದೂ ಸುಳ್ಳಲ್ಲ. ಆದರೆ ಫ್ಲೋರಿ ಬಿಡಬೇಕಲ್ಲ! ಫ್ಲೋರಿ ನನ್ನ ಕಾನ್ವೆಂಟ್ ಗೆಳತಿ, ಧಾರವಾಡದ ಹುಡುಗಿ. ಬೆಳಗಾವಿಯ ಹಾಸ್ಟೆಲ್ಲಿನಲ್ಲಿ ನಮ್ಮ ಹಾಸಿಗೆಗಳು ಅಕ್ಕಪಕ್ಕ. ನರ್ಸ್ ಆಗಿ ಕೆನಡಾಕ್ಕೆ ಹೋದವಳು ಅಲ್ಲೇ ಉಳಿದಳು. ಫೋನಿನಲ್ಲಿ ಒಂದೇ ವರಾತ: “ಸುಲೂ, ಇನ್ನ ಎಷ್ಟ್ ಮುಂದ ಹಾಕ್ತಿ? ವಯಸ್ಸೇನ್ ಇಳಕೋತ ಹೊಂಟದೇನ? ಈ ಬ್ಯಾಸಿಗ್ಯಾಗ ನಮ್ಮೂರಾಗ ಇಲ್ಲದವರಿಗೆ ಮನಿ ಕಟ್ಟಾಕತ್ತೇವಿ. ನೀನೂ ಬಂದು ಕೈ ಹಚ್ಚು.” ಡಿಯರ್ ಫ್ಲೋರಿಯ ಕನ್ನಡ ಇಷ್ಟು ವರ್ಷ ಹಿಮದಲ್ಲಿ ಹೂತಿಟ್ಟರೂ ಕೆಟ್ಟಿಲ್ಲ.

ಹೊಸ್ತಿಲಿನ ಮಾತು ಬಂತಲ್ಲ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಅದು ನನ್ನ ತವರುಮನೆಯದು. ಆ ಊರು ಕೃಷ್ಣೆಯ ದಂಡೆಯ ಮೇಲಿತ್ತು. ಆಲಮಟ್ಟಿಯ ಹಿನ್ನೀರು ಬಂದಾಗ ಮುಳುಗಿತು. ಜನ ತೊಲೆ, ಕಂಬ, ಬಾಗಿಲು ಕಿತ್ತುಕೊಂಡು ಚಕ್ಕಡಿಯಲ್ಲಿ ಹೇರಿ ಹೊಸ ಊರಿಗೆ ಹೋದರು. ಅವ್ವ ಹೊಸ್ತಿಲನ್ನು ಮಾತ್ರ ನನ್ನ ಮನೆಗೆ ಕಳಿಸಿದಳು. “ಮನಿ ಹೋದ್ರ ಹೋಗ್ಲಿ, ಹೊಸ್ತಲ ನೀರ ಪಾಲಾಗಬಾರದು” ಅಂದಿದ್ದಳು. ನಮ್ಮವರು ಚೌಕಟ್ಟನ್ನು ಕೊಯ್ದು ಅದನ್ನು ಕೂಡಿಸಿದರು. ಊರೇ ಇಲ್ಲದ ಊರಿನಿಂದ ನನಗೆ ಉಳಿದದ್ದು ಅದೊಂದೇ.

ರಿಜೈನಾ: ಎರೆಭೂಮಿ

ವಿಮಾನ ನಿಲ್ದಾಣದ ಅಧಿಕಾರಿ ನನ್ನ ಪೆಟ್ಟಿಗೆ ತೆಗೆಸಿದ. ಸೊಸೆ ಸವಿತಾ ಮುತುವರ್ಜಿಯಿಂದ ಕಟ್ಟಿಕೊಟ್ಟ ಕಟಕ ರೊಟ್ಟಿಗಳೆಲ್ಲ ಪುಡಿಪುಡಿ. “ವಾಟ್ ಈಸ್ ದಿಸ್, ಮ್ಯಾಮ್?” ಎಂದ. ಬ್ರೆಡ್ ಎಂದೆ. ಅವನು ಆ ಪುಡಿಯನ್ನೂ, ನನ್ನ ಮುಖವನ್ನೂ ನೋಡಿ, ಬಹಳ ಮರ್ಯಾದೆಯಿಂದ, “ವಾಸ್ ಇಟ್?” ಎಂದ. ನನ್ನ ಕಾನ್ವೆಂಟ್ ಗ್ರಾಮರಿನಲ್ಲಿ ಭೂತಕಾಲದ ಇಷ್ಟು ಕರೆಕ್ಟಾದ ಪ್ರಯೋಗವನ್ನು ನಾನು ಯಾವ ವಿದ್ಯಾರ್ಥಿಗೂ ಕಲಿಸಿರಲಿಲ್ಲ.

ಫ್ಲೋರಿಯ ಊರು ರಿಜೈನಾ ಪಟ್ಟಣದಿಂದಾಚೆ. ಕಾರು ಹೊರಟದ್ದೇ ನಾನು ನೇರ ಕೂತುಬಿಟ್ಟೆ. ಇದೇನು, ಇಂಡಿಯಿಂದ ಸಿಂದಗಿಗೆ ಹೊರಟಿದ್ದೇನೆಯೇ? ಗುಡ್ಡವಿಲ್ಲ, ತಿರುವಿಲ್ಲ, ಕಣ್ಣು ಹೋದಷ್ಟು ದೂರ ಕಪ್ಪು ನೆಲ, ಅದರ ಮೇಲೆ ಬೋರಲು ಹಾಕಿದಂಥ ಆಕಾಶ. ಮದುವೆಯಾದ ಹೊಸದರಲ್ಲಿ ಇಂಡಿ, ಆಮೇಲೆ ಸಿಂದಗಿ, ಮುದ್ದೇಬಿಹಾಳ ಎಂದು ವರ್ಗವಾದಲ್ಲೆಲ್ಲ ಬಸ್ಸಿನ ಕಿಟಕಿಯಲ್ಲಿ ನೋಡಿದ್ದು ಇದೇ ಭೂಮಿಯನ್ನು. ಇಲ್ಲಿ ಜೋಳದ ಬದಲು ಗೋಧಿ, ಮಸೂರಿ. ನಮ್ಮ ಕಿರಾಣಿ ಅಂಗಡಿಯ ಮಸೂರಿ ಬೇಳೆ ಎಷ್ಟೋ ಸಲ ಇಲ್ಲಿಂದಲೇ ಬರುತ್ತದಂತೆ. ನಾನು ಇಲ್ಲಿಗೆ ಬರುವ ಮೊದಲೇ ಇಲ್ಲಿಯ ಬೇಳೆ ನಮ್ಮ ಮನೆಗೆ ಬಂದಿತ್ತು.

ಸಂಜೆ ಒಂದು ಮಳೆ ಬಿತ್ತು. ಅಂಗಳಕ್ಕೆ ಇಳಿದು ನಾಲ್ಕು ಹೆಜ್ಜೆ ಇಟ್ಟೆ ನೋಡಿ, ಚಪ್ಪಲಿಗೆ ಒಂದೊಂದು ಸೇರು ಮಣ್ಣು!

“ಇದಕ್ಕ ಇಲ್ಲಿ ಗಂಬೋ ಅಂತಾರ,” ಎಂದಳು ಫ್ಲೋರಿ, ಬಾಗಿಲಲ್ಲಿ ನಿಂತು ನಗುತ್ತ.

“ನಾವು ಎರಿ ಅಂತೇವಿ. ಹೆಸರ ಏನರ ಇರ್ಲಿ, ಮೊದಲ ಚಪ್ಪಲಿ ಬಿಡಸು.”

ಕಟ್ಟಡದ ಜಾಗ: ಹೆಲ್ಮೆಟ್ಟು ಮತ್ತು ತುರುಬು

ಮನೆ ಕಟ್ಟುವ ಬಗೆ ಹೀಗೆ. ಊರಿನ ಆಡಳಿತ ಜಾಗ ಕೊಡುತ್ತದೆ. ಅಂಗಡಿಯವರು ಕಟ್ಟಿಗೆ, ಕಿಟಕಿ, ಬಾಗಿಲು ಕೊಡುತ್ತಾರೆ. ಕೈ ಕೆಲಸಕ್ಕೆ ಊರ ಜನವೇ ಬರುತ್ತಾರೆ: ಬ್ಯಾಂಕಿನ ಹೆಣ್ಣುಮಗಳು, ಹಲ್ಲಿನ ಡಾಕ್ಟರು, ಚರ್ಚಿನವರು. ಗುರುದ್ವಾರದ ಸರ್ದಾರಜಿಗಳು ಶನಿವಾರ ಊಟ ತರುತ್ತಾರೆ. ಮನೆ ಪಡೆಯುವ ಕುಟುಂಬ ಉಳಿದ ಹಣವನ್ನು ತಮಗೆ ಸಾಗಿದಷ್ಟು ವರ್ಷ ವರ್ಷ ಕಟ್ಟುತ್ತದೆ. ಒಂದೇ ಷರತ್ತು: ಅವರೂ ಕೆಲಸಕ್ಕೆ ನಿಲ್ಲಬೇಕು. ತಮ್ಮ ಮನೆಗೂ ನಿಲ್ಲಬೇಕು, ಬೇರೆಯವರ ಮನೆಗೂ ನಿಲ್ಲಬೇಕು.

ನನಗೆ ಮುಯ್ಯಿಯ ನೆನಪಾಯಿತು. ನಾನು ಸಣ್ಣವಳಿದ್ದಾಗ ಮಾಳಿಗೆಗೆ ಮಣ್ಣು ಹಾಕುವ ದಿನ ಓಣಿಯೆಲ್ಲ ಬುಟ್ಟಿ ಹಿಡಿದು ಬರುತ್ತಿತ್ತು. ಮನೆಯವರು ಹುಗ್ಗಿ ಮಾಡುತ್ತಿದ್ದರು. ಈಗ ನಮ್ಮಲ್ಲಿ ಆರ್‌ಸಿಸಿ ಮಿಷನ್ ಬರುತ್ತದೆ, ಗದ್ದಲ ಮಾಡಿ ಹೋಗುತ್ತದೆ. ಹುಗ್ಗಿ ಯಾರಿಗೆ ಬಡಿಸುವುದು, ಮಿಷನ್ನಿಗೇ?

ಮೇಲ್ವಿಚಾರಕ ವೆಂಡೆಲ್, ಒಂದು ಕಾಲಕ್ಕೆ ಕಂತ್ರಾಟುದಾರನಾಗಿದ್ದ ಎತ್ತರದ ಮುದುಕ. ಅವನ ಇಂಗ್ಲಿಷನ್ನೂ ಉಳಿದವರ ಇಂಗ್ಲಿಷನ್ನೂ ನಾನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ಫ್ರ್ಯಾಂಕ್ಲಿ, ಅದಕ್ಕೆ ಸರಿಹೊಂದುವುದು ಇದೇ. ಆ ಬಯಲಿನ ಜನ ನಮ್ಮಷ್ಟೇ ಚುಟುಕು, ನಮ್ಮಷ್ಟೇ ಒರಟು. ಒಂದೇ ವ್ಯತ್ಯಾಸ: ಮೊಳೆ ಹಿಡಿದುಕೊಟ್ಟರೂ ಥ್ಯಾಂಕ್ಯೂ ಅನ್ನುತ್ತಾರೆ. ಮೊದಲ ದಿನ ಮಧ್ಯಾಹ್ನದೊಳಗೆ ನಾನು ವೆಲ್‌ಕಮ್ ಹೇಳಿ ಹೇಳಿ ದಣಿದೆ.

ವೆಂಡೆಲ್ ನನ್ನ ಇಳಕಲ್ ಸೀರೆಯನ್ನು ನೋಡಿ, “ಮೇಡಂ, ಸೀರಿ ಛಂದ ಐತಿ. ನಿಚ್ಚಣಕಿ ಹತ್ತಿರ ಮಾತ್ರ ಸುಳೀಬ್ಯಾಡ್ರಿ,” ಎಂದು ಹೆಲ್ಮೆಟ್ ಕೊಟ್ಟ. ಅದು ನನ್ನ ತುರುಬಿನ ಮೇಲೆ ಕೂಡಲೊಲ್ಲದು. ಹಿಂದೆ ಒತ್ತಿದರೆ ಮುಂದೆ ಏಳುತ್ತದೆ, ಮುಂದೆ ಒತ್ತಿದರೆ ಹಿಂದೆ. ಕೊನೆಗೆ ಫ್ಲೋರಿ ತುರುಬು ಬಿಚ್ಚಿ ಎರಡು ಜಡೆ ಹೆಣೆದಳು. ಕಾನ್ವೆಂಟ್ ಬಿಟ್ಟ ಮೇಲೆ ಅದೇ ಮೊದಲು. ಅವಳ ಬೆರಳು ಅಂದಿನಷ್ಟೇ ಬಿರುಸು.

“ರಿಬ್ಬನ್ ಇಲ್ಲಲ್ಲೇ,” ಎಂದೆ.

“ಕೂದಲಾನೂ ಇಲ್ಲ ಬಿಡು,” ಎಂದಳು.

ನಮ್ಮಿಬ್ಬರಿಗೆ ಕೊಟ್ಟ ಕೆಲಸ ಮೊಳೆಯ ತೂತುಗಳಿಗೆ ಮೇಣ ತುಂಬುವುದು, ಊಟಕ್ಕೆ ಬಡಿಸುವುದು. ನನ್ನ ರೊಟ್ಟಿಪುಡಿಗೆ ಶೇಂಗಾ ಚಟ್ನಿ, ಮೊಸರು ಹಾಕಿ ಕೊಟ್ಟೆ. ಹಲ್ಲಿನ ಡಾಕ್ಟರು ಎರಡನೆಯ ಸಲ ಕೇಳಿ ಹಾಕಿಸಿಕೊಂಡ. ಗಟ್ಟಿ ರೊಟ್ಟಿ ಅವನ ಧಂಧೆಗೂ ಒಳ್ಳೆಯದೇ.

ನೀಲಿ ಬಾಗಿಲು

ಆ ಮನೆ ಗ್ಯಾರಿ ಮತ್ತು ಡಾರ್ಲೀನ್ ದಂಪತಿಯದಾಗಬೇಕಿತ್ತು. ಗ್ಯಾರಿ ಕಾಳಿನ ಲಾರಿ ಓಡಿಸುತ್ತಿದ್ದ. ಅಪಘಾತದಲ್ಲಿ ಸೊಂಟದ ಕೆಳಗೆ ಬಲ ಹೋಯಿತು. ಡಾರ್ಲೀನ್ ಒಂದು ಶಾಲೆಯ ಅಡಿಗೆಮನೆಯಲ್ಲಿ ದುಡಿಯುತ್ತಾಳೆ. ಇಬ್ಬರೂ ಇದ್ದದ್ದು ಬಾಡಿಗೆಯ ಮೇಲಂತಸ್ತಿನಲ್ಲಿ. ಅವನನ್ನು ಇಳಿಸಬೇಕೆಂದರೆ ಅವಳೂ ಅವಳ ತಮ್ಮನೂ ಕುರ್ಚಿ ಸಮೇತ ಹೊರಬೇಕು. ಚಳಿಗಾಲದಲ್ಲಿ ಮೆಟ್ಟಿಲ ಮೇಲೆ ಹಿಮ ಕಟ್ಟುತ್ತದೆ, ಹೊರುವವರೇ ಜಾರುತ್ತಾರೆ. ಹಾಗಾಗಿ ಮೊದಲ ಹಿಮ ಬಿದ್ದರೆ ಮುಗಿಯಿತು, ಅದು ಕರಗುವವರೆಗೆ ಗ್ಯಾರಿ ಮೇಲೆಯೇ. ಈ ಸಲ ಹಿಮ ಬೀಳುವುದರೊಳಗೆ ಹೊಸ ಮನೆ ಸೇರಬೇಕು. ಊರೆಲ್ಲ ಅದಕ್ಕೇ ಅವಸರದಲ್ಲಿತ್ತು.

ಗ್ಯಾರಿ ತನ್ನ ಪಾಲಿನ ಕೆಲಸ ಕುರ್ಚಿಯಲ್ಲೇ ಕೂತು ಮಾಡುತ್ತಿದ್ದ. ನಾನು ಅಲ್ಲಿಗೆ ಹೋದ ಮೊದಲ ವಾರ ಅವನ ಮುಂದೆ ಒಂದು ಬಾಗಿಲನ್ನು ಅಡ್ಡ ಮಲಗಿಸಿದ್ದರು. ಅದಕ್ಕೆ ಬಣ್ಣ ಹಚ್ಚುತ್ತಿದ್ದ. ನಮ್ಮ ಹತ್ತಿಹೊಲದ ಮೇಲಿನ ಮಾರ್ಗಶೀರ್ಷದ ಆಕಾಶದಂಥ ನೀಲಿ.

“ಯಾವ ಬಾಗಲಾ ಇದು?” ಎಂದು ಕೇಳಿದೆ.

“ತಲಬಾಗಲಾ. ನಮ್ಮವ್ವನ ಮನಿ ಬಾಗಲಾ ಇದ ಬಣ್ಣದ್ದಿತ್ತು.”

ಮಾರನೆಯ ದಿನವೂ ಹಚ್ಚುತ್ತಿದ್ದ. ಅದರ ಮಾರನೆಯ ದಿನ ಉಜ್ಜಿ ಮತ್ತೆ ಹಚ್ಚುತ್ತಿದ್ದ.

“ಇನ್ನೂ ಮುಗೀಲಿಲ್ಲೇನಪಾ?”

“ಬಾಗಲಾ ಅಂದ್ರ ಮನಿ ಮಾರಿ ಇದ್ದಂಗ, ಮೇಡಂ. ನೀವು ಮಾರಿ ಒಂದ ಸಲ ತೊಕ್ಕೊಂಡು ಬಿಡ್ತೀರೇನು?”

ಬಾಗಿಲ ದಿನ

ಆ ಬಾಗಿಲನ್ನು ಕೂಡಿಸುವ ದಿನ ಬಂತು. ನಮ್ಮಲ್ಲಿ ಚೌಕಟ್ಟು ನಿಲ್ಲಿಸುವ ದಿನವೆಂದರೆ ಅರ್ಧ ಹಬ್ಬ. ಸವಿತಾ ಪೆಟ್ಟಿಗೆಯಲ್ಲಿಟ್ಟಿದ್ದ ಕುಂಕುಮದ ಭರಣಿ ನನ್ನ ಕೈಚೀಲದಲ್ಲಿತ್ತು. ಪೂಜೆಯಿಲ್ಲದೆ ತಲೆಬಾಗಿಲು ಕೂಡಿಸುವುದೇ? ನಾನಿರುವಾಗ? ವೆಂಡೆಲ್‌ಗೆ ಹೇಳಿದೆ. “ಲಗೂ ಮುಗಸ್ರಿ, ಬಣ್ಣಕ್ಕ ಕಲಿ ಮಾಡಬ್ಯಾಡ್ರಿ,” ಎಂದ. ಎಲ್ಲರೂ ಕೈಕೆಲಸ ಬಿಟ್ಟು ಮುಂದಿನ ಅಂಗಳಕ್ಕೆ ಬಂದರು. ಗಂಡ ಹೆಂಡತಿ ಇಬ್ಬರೂ ಹೊಸ್ತಿಲ ಹತ್ತಿರ ನಿಲ್ಲಬೇಕು ಎಂದೆ, ಟೀಚರ್ ಗತ್ತಿನಲ್ಲಿ.

ಡಾರ್ಲೀನ್ ಕೈ ಒರೆಸಿಕೊಂಡು ಹಲಗೆಯ ಮೆಟ್ಟಿಲು ಹತ್ತಿ ಬಂದಳು. ಗ್ಯಾರಿಯ ಕುರ್ಚಿ ಕೆಳಗೆ ಬಂದು ನಿಂತಿತು. ಇಬ್ಬರು ಗಂಡಸರು ಎತ್ತಲು ಬಗ್ಗಿದರು. ಅವನು ಕೈ ಅಡ್ಡ ಹಿಡಿದ.

“ಬ್ಯಾಡ. ಅಕಿ ಕಡೆಯಿಂದ ಮಾಡಸ್ರಿ. ನನ್ನ ಬಾಗಲಾ ಹಿಂದೈತಿ.”

ಆಗ ನನಗೆ ತಿಳಿಯಿತು. ನಕ್ಷೆಯಲ್ಲಿ ಗಾಲಿ ಕುರ್ಚಿಗೆಂದು ಇಳಿಜಾರು ಇದ್ದದ್ದು ಹಿತ್ತಲಿಗೆ. ಅಲ್ಲಿಯ ಮನೆಗಳಿಗೆ ನೆಲಮಾಳಿಗೆ ಇರುತ್ತದೆ, ಹಾಗಾಗಿ ಒಳನೆಲ ಎದೆಯೆತ್ತರ. ಮುಂದೆ ಜಾಗ ಚಿಕ್ಕದು, ಇಳಿಜಾರು ಎಳೆದರೆ ರಸ್ತೆಗೆ ಹೋಗಿ ಮುಟ್ಟುತ್ತದೆ. ಆದ್ದರಿಂದ ಮುಂದೆ ಮೆಟ್ಟಿಲು, ಹಿಂದೆ ಗ್ಯಾರಿ. ಅಷ್ಟು ದಿನ ಮುಖ ತೊಳೆದಂತೆ ತೊಳೆದು ಬಣ್ಣ ಹಚ್ಚಿದ ಬಾಗಿಲಲ್ಲಿ ಅವನು ಒಂದು ದಿನವೂ ಕಾಲಿಡುವವನಲ್ಲ, ಗಾಲಿಯಿಡುವವನೂ ಅಲ್ಲ.

ನನಗೆ ಏನಾಯಿತೋ. ಭರಣಿ ಹಿಡಿದವಳು ಹೊಸ್ತಿಲ ಮೇಲೆ ಧೊಪ್ಪೆಂದು ಕೂತುಬಿಟ್ಟೆ. ಹೊಸ್ತಿಲ ಮೇಲೆ ಕೂತರೆ ಅವ್ವ ಬೆನ್ನಿಗೆ ಹೊಡೆಯುತ್ತಿದ್ದಳು. ಅದೂ ನೆನಪಾಯಿತು, ಆದರೂ ಏಳಲಿಲ್ಲ.

“ಮನಿ ಯಜಮಾನ ಹಿತ್ತಲ ಬಾಗಲದಿಂದ ಬರೂದಿಲ್ಲ. ನಮ್ಮ ಕಡೆ ಹಂಗಿಲ್ಲ. ಅವ ಬರೂತನಕ ನಾ ಪೂಜಿ ಮಾಡೂದಿಲ್ಲ,” ಎಂದೆ ಇಂಗ್ಲಿಷಿನಲ್ಲಿ, ನನ್ನ ಜೀವನದ ಅತಿ ಕೆಟ್ಟ ಇಂಗ್ಲಿಷಿನಲ್ಲಿ.

ಗ್ಯಾರಿ ನಕ್ಕ. “ಮೇಡಂ, ನನಗ ರೂಢಿ ಆಗೇತಿ. ಚರ್ಚಿಗೆ ಅಡಗಿಮನಿ ಕಡೆಯಿಂದ ಹೊಕ್ಕೇನಿ. ಬ್ಯಾಂಕಿಗೆ ಸಾಮಾನ ಇಳಸೂ ಬಾಗಲದಿಂದ. ಹಿಂದಿನ ಬಾಗಲ ನಾ ಕಂಡಷ್ಟು ಈ ಊರಾಗ ಯಾರೂ ಕಂಡಿಲ್ಲ.”

ಅವನೊಬ್ಬನೇ ನಕ್ಕದ್ದು.

ನನ್ನ ಮೇಲೆ ಹರಿಹಾಯ್ದವಳು ಡಾರ್ಲೀನ್. “ಪ್ಲೀಸ್, ಏಳ್ರಿ. ನೀವು ಇಮಾನ ಹತ್ತಿ ಹೋಗೋರು. ಇವನ್ನ ಹೊತ್ತು ಇಳಸೋಳು ನಾನು. ನನ್ನ ರಟ್ಟಿ ಬಿದ್ದು ಹೋಗ್ಯಾವು. ಈಗ ಮುಂದಿನ ಬಾಗಲಾ ಬೇಕಂತ ಕುಂತ್ರ ನಕ್ಷಿ ಬದಲಾಗತೈತಿ, ಮತ್ತ ಪರವಾನಗಿ ಬೇಕಾಗತೈತಿ, ಅಷ್ಟರಾಗ ಹಿಮ ಬಿದ್ದು ಮತ್ತ ಮ್ಯಾಲಿನ ಕ್ವಾಣ್ಯಾಗ ಕುಂದ್ರಬೇಕು. ನನಗ ಹಿಂದಿನ ಬಾಗಲಾನೂ ಬಾಗಲಾನ!”

ಅವಳು ಹೇಳಿದ್ದು ಖರೆ. ನಾನು ಎದ್ದೆ. ಕಾನ್ವೆಂಟಿನ ಮದರ್ ಹೇಳುತ್ತಿದ್ದಂತೆ, ಸ್ಟ್ರೇಟ್ ಬ್ಯಾಕ್. ಆದರೆ ನಾನು ಹೇಳಿದ್ದೂ ತಪ್ಪಲ್ಲ. ಇವತ್ತಿಗೂ ಹಾಗೇ ಅನ್ನುತ್ತೇನೆ.

ವೆಂಡೆಲ್ ಅಂಗಳದಲ್ಲಿ ಉದ್ದಕ್ಕೂ ಅಡ್ಡಕ್ಕೂ ನಡೆದಾಡಿದ. ಪಕ್ಕದ ಮನೆಯ ಬೇಲಿಯನ್ನು ನೋಡಿದ. ಟೋಪಿ ತೆಗೆದು ತಲೆ ತುರಿಸಿದ.

“ಡಾರ್ಲೀನ್, ನಿನ್ನ ಮನಿ ಒಂದ ದಿನಾನೂ ತಡ ಆಗೂದಿಲ್ಲ. ಹಿಂದಿನ ಇಳಿಜಾರ ಮೊದಲ. ಹಿಮದೊಳಗ ನೀವು ಒಳಗಿರತೀರಿ. ಹಿಮ ಕರಗಿದ ಮ್ಯಾಲ ಮುಂದಿಂದು ಮಾಡೋಣು, ಗ್ವಾಡಿಗುಂಟ ಹೊಳ್ಳಿಸಿ ತಂದ್ರ ಬರತೈತಿ. ಬಾಜೂದವರ ಬೇಲಿ ಒಂದೀಟ ಸರಸಬೇಕು, ನಾ ಮಾತಾಡತೇನಿ. ಆದ್ರ ಇವತ್ತ ಒಂದ ಕೆಲಸ ಆಗಬೇಕು.” ಅವನು ಚೌಕಟ್ಟಿನ ಮುಂದೆ ಮೊಣಕಾಲೂರಿ, ನಾನು ಕೂತಿದ್ದ ಹೊಸ್ತಿಲ ಉಬ್ಬು ಪಟ್ಟಿಯ ತಿರುಪುಗಳನ್ನು ಬಿಚ್ಚತೊಡಗಿದ. “ಇದನ್ನ ಈಗ ಹಚ್ಚಿದ್ರ ಆಮ್ಯಾಲ ಯಾರೂ ತಗಿಯೂದಿಲ್ಲ. ನಮ್ಮ ಹಣೇಬರಾನ ಅದು. ಚಪಾಟಿಂದು ತರತೇನಿ.”

ಹೀಗೆ ಆ ದಿನ ನೀಲಿ ಬಾಗಿಲು ಹೊಸ್ತಿಲಿಲ್ಲದೆ ನಿಂತಿತು. ಮುಂದೆ ಹಲಗೆಯ ಮೆಟ್ಟಿಲು ಹಾಗೆಯೇ ಉಳಿಯಿತು.

ಹಿಮ ಕರಗಿದ ಮೇಲೆ ಎಂದರೆ ನಮ್ಮ ಕಡೆ ಮಳೆಗಾಲ ಮುಗಿದ ಮೇಲೆ ಎಂದಂತೆ. ಆ ಮಾತು ಕೇಳಿ ಕೇಳಿ ನನ್ನ ಕೂದಲು ಬೆಳ್ಳಗಾಗಿದೆ. ಹೊರಡುವ ದಿನ ಭರಣಿಯನ್ನು ಡಾರ್ಲೀನ್ ಕೈಗಿತ್ತೆ. “ಅವ ಈ ಬಾಗಲದಿಂದ ಬಂದ ದಿನ ಹಚ್ಚವಾ,” ಎಂದೆ. ಅವಳು ನನ್ನ ಮೇಲಿನ ಸಿಟ್ಟು ಬಿಟ್ಟಿದ್ದಳೋ ಇಲ್ಲವೋ, ಗಟ್ಟಿಯಾಗಿ ತಬ್ಬಿಕೊಂಡಳು. ರಟ್ಟೆ ಬಿದ್ದವಳ ತಬ್ಬುವಿಕೆ ಅದಾಗಿರಲಿಲ್ಲ. ನನ್ನ ಪಕ್ಕೆಲುಬು ಸಾಕ್ಷಿ.

ಮತ್ತೆ ಬಾಗೇವಾಡಿ

ಮನೆಗೆ ಬಂದ ಸಂಜೆ ಮುಮ್ತಾಜ್ ಬಂದಳು. ಕುರ್ಚಿ ಬೀದಿಯಲ್ಲಿ ನಿಂತಿತು. ಸವಿತಾ ಚಹಾ ಹೊರಗೆ ತಂದಳು. ನಾನು ಕಟ್ಟೆಯ ಮೇಲೆ ಕೂತು ಗ್ಯಾರಿಯ ಕತೆ ಹೇಳಿದೆ, ಹಿಂದಿನ ಬಾಗಿಲಿನವರೆಗೆ ಹೇಳಿದೆ. ಮುಮ್ತಾಜ್ ಬಶಿಯಲ್ಲಿ ಚಹಾ ಆರಿಸಿಕೊಳ್ಳುತ್ತ ಅಂದಳು:

“ಪುಣ್ಯವಂತ ಬಿಡ್ರಿ ಅಕ್ಕಾರ. ಹಿಂದಿಂದರ ಐತಲ್ಲ.”

ನಾನು ಬಶಿ ಕಟ್ಟೆಯ ಮೇಲಿಟ್ಟು ತಿರುಗಿ ಹೊಸ್ತಿಲು ನೋಡಿದೆ. ಅವಳು ನನ್ನನ್ನು ಚುಚ್ಚಲು ಹೇಳಿದ್ದಲ್ಲ. ಮುಮ್ತಾಜ್ ಚುಚ್ಚುವುದಾದರೆ ಎದುರಿಗೇ ಚುಚ್ಚುತ್ತಾಳೆ.

ಮರುದಿನವೇ ಬಡಿಗೇರ ಮೌನೇಶಪ್ಪನನ್ನು ಕರೆಸಿದೆ. ಹೊಸ್ತಿಲು ತೆಗೆಯಬೇಕು ಎಂದದ್ದಕ್ಕೆ ಅವನು ಚೀಲ ಕೆಳಗಿಡಲೇ ಇಲ್ಲ.

“ಅಮ್ಮಾರ, ಹೊಸ್ತಲ ಹಾಕಾಕ ಕರೀತಾರ. ತಗಿಯಾಕ ಯಾರರ ಕರೀತಾರೇನ್ರಿ?”

“ನಾ ಕರದೇನಲ್ಲ.”

“ಅತ್ತಿ,” ಎಂದಳು ಸವಿತಾ ಒಳಗಿನಿಂದ, “ಮುಂಜಾನೆ ಎದ್ದು ನಾ ಎಲ್ಲಿ ಪೂಜಿ ಮಾಡ್ಲಿರಿ? ಲಕ್ಷ್ಮಿ ಎಲ್ಲಿ ಕುಂದ್ರಬೇಕ್ರಿ?”

ಅವ್ವ ಕಳಿಸಿದ ಹೊಸ್ತಿಲು. ನೀರಿನಿಂದ ಎತ್ತಿ ತಂದದ್ದನ್ನು ನಾನು ಒಣ ನೆಲದಲ್ಲಿ ಕೀಳಿಸುವುದೇ? ಅದರ ನಡುವೆ ನಮ್ಮೆಲ್ಲರ ಕಾಲು ಸವೆಸಿದ ತಗ್ಗಿದೆ. ಅಜ್ಜಿಯದು, ಅವ್ವನದು, ನನ್ನದು. ಆ ತಗ್ಗಿನ ಮೇಲೆ ಕೈಯಾಡಿಸುತ್ತ ಕೂತೆ. ಮೌನೇಶಪ್ಪ ಕಟ್ಟೆಯ ಮೇಲೆ ಕೂತು ಬೀಡಿ ಸೇದಿ ಮುಗಿಸಿದ.

ವೆಂಡೆಲ್ ತಾನು ಕಟ್ಟಿದ ಹಿತ್ತಲ ಇಳಿಜಾರಿನ ಅಂಚಿಗೆ, ಗಾಲಿ ಜಾರಿ ಕೆಳಗೆ ಬೀಳದಂತೆ, ಒಂದು ಹಲಗೆಯನ್ನು ಉದ್ದಕ್ಕೆ ಕೂಡಿಸಿದ್ದ. ಅದು ಕಣ್ಣ ಮುಂದೆ ಬಂತು. ಎದ್ದು, ಹೊಸ್ತಿಲನ್ನೂ ಹಾಗೇ ಇಳಿಜಾರಿನ ಅಂಚಿಗೆ ಕೂಡಿಸು ಎಂದು ಮೌನೇಶಪ್ಪನಿಗೆ ಹೇಳಿದೆ.

ಬೀದಿಯಿಂದ ಕಟ್ಟೆಗೆ, ಕಟ್ಟೆಯಿಂದ ಒಳಕ್ಕೆ ಇಳಿಜಾರು ಆಯಿತು. ಕೆಳಗಿನ ಎರೆ ಉಬ್ಬುತ್ತದೆಂದು ಅದನ್ನು ತೆಗೆಸಿ ಗರಸು ಮಣ್ಣು ತುಂಬಿಸಿದೆವು, ಅಲ್ಲಿಯೂ ಅವರು ಹಾಗೇ ಮಾಡಿದ್ದರು. ಕೆಲಸಕ್ಕೆ ಕೂಲಿಯವರನ್ನು ಕರೆದಿದ್ದೆ. ಓಣಿಯವರು ನೋಡಲು ಬಂದರು, ನೋಡುತ್ತ ನಿಂತವರು ಬುಟ್ಟಿ ಹಿಡಿದರು. ಸವಿತಾ ಸಿಟ್ಟಿನಲ್ಲೇ ಹುಗ್ಗಿಗೆ ಇಟ್ಟಳು. ಹೊಸ್ತಿಲು ಇಳಿಜಾರಿನ ಪಕ್ಕದ ಅಂಚಿಗೆ, ಗಾಲಿಗೆ ಅಡ್ಡ ಬಾರದಂತೆ, ಕೆಳತುದಿಯಲ್ಲಿ, ಬೀದಿಯ ಬದಿಗೆ ಕೂತಿತು. ಮೊದಲ ಮುಂಜಾನೆ ಸವಿತಾ ಎಲ್ಲಿ ಕುಂಕುಮ ಇಡುತ್ತಾಳೋ ಎಂದು ಕದ್ದು ನೋಡಿದೆ. ಇಳಿಜಾರಿನ ಉದ್ದಕ್ಕೂ ನಡೆದು, ಹೊಸ್ತಿಲ ಸವೆದ ತಗ್ಗಿನವರೆಗೆ ಹೋಗಿ ಇಟ್ಟು ಬಂದಳು.

“ಲಕ್ಷ್ಮಿ ಒಂದ ನಾಕ ಹೆಜ್ಜಿ ಮುಂದ ಬಂದು ಕುಂತಾಳ ಬಿಡ್ರಿ,” ಎಂದಳು.

ಆ ಸಂಜೆ ಮುಮ್ತಾಜ್ ಒಳಗೆ ಬಂದಳು. ನಡುಮನೆಯಲ್ಲಿ ನಿಲ್ಲಲಿಲ್ಲ, ನೇರ ಅಡುಗೆಮನೆಗೆ ಗಾಲಿ ತಿರುಗಿಸಿದಳು. ಸುತ್ತ ನೋಡಿದಳು. “ಅಯ್ಯ, ಇಷ್ಟ್ ಹರವಿಟ್ಟೀರೇನ್ರಿ? ಹೊರಗ ಕುಂತು ಚಹಾ ಕುಡದ್ರ ಭಾಳ ಶಿಸ್ತಿನವರು ಅನ್ನಸತಿತ್ತು!”

ಈ ಬೇಸಿಗೆಯಲ್ಲಿ ಫ್ಲೋರಿ ಒಂದು ವಿಡಿಯೋ ಕಳಿಸಿದಳು. ಆ ಅಡುಗೆಮನೆಯಲ್ಲೇ, ಮುಮ್ತಾಜಳ ಕುರ್ಚಿಯ ಪಕ್ಕ ಕೂತು ನೋಡಿದೆವು. ವೆಂಡೆಲ್ ಮಾತು ಉಳಿಸಿಕೊಂಡಿದ್ದ. ಬೇಲಿ ಸರಿದಿತ್ತು. ಗೋಡೆಯ ಗುಂಟ ಇಳಿಜಾರು ಹೊರಳಿ ಬಂದಿತ್ತು. ನೀಲಿ ಬಾಗಿಲು ತೆರೆಯಿತು, ಗ್ಯಾರಿ ಹೊರಗೆ ಬಂದ. ಚೌಕಟ್ಟಿನ ಎರಡೂ ಕಡೆ ಕೆಂಪು ಬೊಟ್ಟು, ಸ್ವಲ್ಪ ಓರೆ. ಅವನು ಇಳಿದು ರಸ್ತೆಯವರೆಗೆ ಹೋದ, ತಿರುಗಿ ಹತ್ತಿದ, ಒಳಗೆ ಹೋದ, ಮತ್ತೆ ಹೊರಗೆ ಬಂದ. ಒಳಗಿನಿಂದ ಡಾರ್ಲೀನ್ ಕೂಗಿದಳು: “ಒಳಗರ ಬಾ, ಹೊರಗರ ಹೋಗು, ನೊಣ ಬರಾಕತ್ತಾವು!”

ಮುಮ್ತಾಜ್ ನಕ್ಕಳು. ಲೋಟ ಕೆಳಗಿಟ್ಟು, ಎಡಗೈಯಿಂದ ಗಾಲಿ ತಳ್ಳುತ್ತ ಎಡಗಾಲಿನಿಂದ ನೆಲ ಒತ್ತುತ್ತ ಕುರ್ಚಿ ತಿರುಗಿಸಿದಳು. ಮಗಳು ತಳ್ಳಲು ಎದ್ದರೆ, ಕೂಡು ಎಂದು ಸನ್ನೆ ಮಾಡಿದಳು. ನಡುಮನೆ ದಾಟಿ ಬಾಗಿಲು ದಾಟಿ ಕಟ್ಟೆಗೆ ಹೋದಳು. ಅಲ್ಲಿ ಕುರ್ಚಿ ನಿಲ್ಲಿಸಿ ಬೀದಿ ನೋಡಿ, ಹಾಗೇ ಒಳಗೆ ಬಂದಳು.

“ಏನಾತು ಮುಮ್ತಾಜ್? ಏನರ ಬೇಕಾಗಿತ್ತೇನ?”

“ಏನೂ ಇಲ್ರಿ ಅಕ್ಕಾರ,” ಎಂದಳು. “ಸುಮ್ಮನ ಹೋಗಿ ಬಂದೆ.”